ರೋಗಿಯನ್ನು ಹೊತ್ತ ತಾಯಿ: ಸಾವಿತ್ರಿಬಾಯಿ ಫುಲೆ

ಪ್ರತಿ ವರ್ಷ ಜನವರಿ 3ರಂದು ನಮ್ಮ ಶಾಲೆಯಲ್ಲಿ ಸಾವಿತ್ರಿಬಾಯಿ ಫುಲೆಯವರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ಮಹಾರಾಷ್ಟ್ರದ ಇತರ ಶಾಲೆಗಳಂತೆ ಗಡಿಭಾಗದ ನಮ್ಮ ಕನ್ನಡ ಶಾಲೆಯಲ್ಲಿಯೂ ಅಂದು ಬಾಲಿಕಾ ದಿನ. ಹುಡುಗಿಯರು ಸೀರೆಯುಟ್ಟು, ಹಣೆಗೆ ದೊಡ್ಡ ಕುಂಕುಮವಿಟ್ಟು ಸಾವಿತ್ರಿಬಾಯಿಯಾಗಿ ವೇದಿಕೆಗೆ ಬರುತ್ತಾರೆ. ಶಾಲೆಗೆ ಹೊರಟ ಶಿಕ್ಷಕಿಯ ಮೇಲೆ ಜನ ಸೆಗಣಿ ಎಸೆಯುವ ದೃಶ್ಯವನ್ನು ಅಭಿನಯಿಸುತ್ತಾರೆ. ಪಾಲಕರು ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ನಾಟಕ ಮುಗಿಯುತ್ತದೆ.

ಆದರೆ ಸಾವಿತ್ರಿಬಾಯಿಯವರ ಬಾಳು ಅಲ್ಲಿಗೆ ಮುಗಿಯಲಿಲ್ಲ. ಆ ದೃಶ್ಯದ ನಂತರ ಅವರು ಸುಮಾರು ಐವತ್ತು ವರ್ಷ ಬದುಕಿದ್ದರು. ಅವರ ಕೊನೆಯ ದಿನಗಳ ದೃಶ್ಯವನ್ನು ನಮ್ಮ ವೇದಿಕೆಯ ಮೇಲೆ ನಾವು ಒಮ್ಮೆಯೂ ನೋಡಿಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆಯ ಬಾಗಿಲು ಮುಚ್ಚಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಾಗ ನಮಗೆ ಆ ಕೊನೆಯ ದೃಶ್ಯ ಮತ್ತೆ ಮತ್ತೆ ನೆನಪಾಯಿತು. ಆದುದರಿಂದ ಈ ಸಲದ ಸಂಚಿಕೆಯಲ್ಲಿ ಆ ತಾಯಿಯ ಜೀವನವನ್ನು ಕೊನೆಯವರೆಗೂ ಹೇಳಬೇಕೆಂದು ಹೊರಟಿದ್ದೇವೆ.

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯಗಾಂವ ಎಂಬ ಹಳ್ಳಿಯಲ್ಲಿ. ತಂದೆ ಖಂಡೋಜಿ ನೇವಸೆ ಪಾಟೀಲರು. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ, 1840ರಲ್ಲಿ, ಪುಣೆಯ ಜೋತಿರಾವ ಫುಲೆಯವರೊಡನೆ ಮದುವೆಯಾಯಿತು. ವರನಿಗೆ ಹದಿಮೂರು ವರ್ಷ. ಗಂಡನ ಮನೆಗೆ ಬಂದಾಗ ಸಾವಿತ್ರಿಬಾಯಿಗೆ ಅಕ್ಷರ ಬಾರದು. ಜೋತಿರಾಯರೇ ಅವರಿಗೆ ಓದು ಬರಹ ಕಲಿಸಿದರು. ಮುಂದೆ ಅವರು ಶಿಕ್ಷಕಿಯ ತರಬೇತಿಯನ್ನೂ ಪಡೆದರು. 1848ರಲ್ಲಿ ಪುಣೆಯ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಹದಿನೇಳು ವರ್ಷದ ಸಾವಿತ್ರಿಬಾಯಿ ಅಲ್ಲಿ ಶಿಕ್ಷಕಿಯಾದರು.

ಮುಂದಿನ ಕಥೆ ನಿಮಗೆಲ್ಲ ತಿಳಿದದ್ದೇ. ದಾರಿಯಲ್ಲಿ ಬೈಗುಳ, ಕಲ್ಲು, ಕೆಸರು. ಮೈಮೇಲಿನ ಸೀರೆ ಕೊಳೆಯಾದರೆ ಶಾಲೆಯಲ್ಲಿ ಬದಲಿಸಲೆಂದು ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರಂತೆ. ಸಮಾಜದ ಒತ್ತಡಕ್ಕೆ ಅಂಜಿದ ಮಾವ, ಮಗ ಸೊಸೆ ಇಬ್ಬರನ್ನೂ ಮನೆಯಿಂದ ಹೊರಗೆ ಕಳುಹಿಸಿದರು. ಆದರೂ ಶಾಲೆಗಳು ನಿಲ್ಲಲಿಲ್ಲ, ಹೆಚ್ಚಿದವು. 1854ರಲ್ಲಿ ಅವರ ಕಾವ್ಯಫುಲೆ ಎಂಬ ಮರಾಠಿ ಕವಿತೆಗಳ ಪುಸ್ತಕವೂ ಪ್ರಕಟವಾಯಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಫುಲೆ ದಂಪತಿಗಳು ಪಾಠ ಹೇಳುವುದಷ್ಟೇ ತಮ್ಮ ಕೆಲಸವೆಂದು ತಿಳಿಯಲಿಲ್ಲ. ಊರಿನಲ್ಲಿ ಯಾರನ್ನು ಯಾರೂ ಕೇಳುವುದಿಲ್ಲವೋ ಅವರನ್ನು ಹುಡುಕಿಕೊಂಡು ಹೋದರು. ಅಂದು ಚಿಕ್ಕ ವಯಸ್ಸಿನಲ್ಲಿ ವಿಧವೆಯಾದವರು ಮೋಸಕ್ಕೆ ಸಿಕ್ಕಿ ಗರ್ಭಿಣಿಯಾದರೆ ಅವರಿಗೆ ಲೋಕದಲ್ಲಿ ನೆಲೆಯೇ ಇರಲಿಲ್ಲ. ಕೆಲವರು ಪ್ರಾಣ ಬಿಡುತ್ತಿದ್ದರು, ಕೆಲವರು ಹುಟ್ಟಿದ ಕೂಸನ್ನು ಕೊಲ್ಲುತ್ತಿದ್ದರು. 1863ರಲ್ಲಿ ಫುಲೆ ದಂಪತಿಗಳು ಇಂಥವರಿಗಾಗಿ ಶಿಶುಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ಬಂದವರ ಹೆಸರು ಗುಟ್ಟಾಗಿರುತ್ತಿತ್ತು. ಬಾಣಂತನವನ್ನು ಸಾವಿತ್ರಿಬಾಯಿಯವರೇ ನೋಡಿಕೊಳ್ಳುತ್ತಿದ್ದರು. ಹೀಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನೇ ಮಕ್ಕಳಿಲ್ಲದ ಆ ದಂಪತಿಗಳು ದತ್ತು ತೆಗೆದುಕೊಂಡರು. ಆತನ ಹೆಸರು ಯಶವಂತ. ಆತ ಮುಂದೆ ವೈದ್ಯನಾದ. ಈ ಹೆಸರನ್ನು ನೆನಪಿಡಿ, ಕಥೆಯ ಕೊನೆಯಲ್ಲಿ ಮತ್ತೆ ಬರುತ್ತದೆ.

1868ರಲ್ಲಿ ಇನ್ನೊಂದು ಕೆಲಸವಾಯಿತು. ಊರಿನ ಬಾವಿಗಳಲ್ಲಿ ನೀರು ಸೇದಲು ಅಸ್ಪೃಶ್ಯರೆನಿಸಿಕೊಂಡವರಿಗೆ ಅವಕಾಶವಿರಲಿಲ್ಲ. ಫುಲೆಯವರು ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅವರಿಗೆ ತೆರೆದಿಟ್ಟರು. ಇದನ್ನು ನಾವು ಸಮಾಜ ಸುಧಾರಣೆಯೆಂದು ಓದುತ್ತೇವೆ, ಸರಿಯೇ. ಅದರ ಜೊತೆಗೆ ಇದು ಆರೋಗ್ಯದ ಮಾತೂ ಹೌದು. ಚೊಕ್ಕ ನೀರು ಸಿಗದ ಕೇರಿಯಲ್ಲಿ ವಾಂತಿಭೇದಿ ಮೊದಲು ಬರುತ್ತದೆ, ಕೊನೆಗೆ ಹೋಗುತ್ತದೆ.

ಇನ್ನು 1876ರ ಬರದ ಮಾತು. ಧಾತು, ಈಶ್ವರ ಸಂವತ್ಸರಗಳ ಆ ಬರ ದಕ್ಖನಿನ ಬಯಲನ್ನೆಲ್ಲ ಸುಟ್ಟಿತು. ಮೈಸೂರು ಸೀಮೆ, ಮದ್ರಾಸು ಸೀಮೆಗಳಂತೆ ನಮ್ಮ ಸೊಲ್ಲಾಪುರದ ಕಡೆಯೂ ಜನ ಹಿಡಿ ಜೋಳಕ್ಕಾಗಿ ಊರೂರು ಅಲೆದರು. ಸತ್ಯಶೋಧಕ ಸಮಾಜದ ಕಾರ್ಯಕರ್ತರೊಡನೆ ಸಾವಿತ್ರಿಬಾಯಿ ಜುನ್ನರ ತಾಲೂಕಿನ ಓತೂರಿನಲ್ಲಿ ನಿಂತು ಪರಿಹಾರದ ಕೆಲಸ ಮಾಡಿದರು. ಅಲ್ಲಿ ನಡೆದುದನ್ನು ಅವರು 1877ರಲ್ಲಿ ಪತಿಗೆ ಬರೆದ ಪತ್ರದಿಂದ ತಿಳಿಯುತ್ತೇವೆ. ಸಾಲ ಕೊಟ್ಟವರು ಬರದಲ್ಲಿಯೂ ಬಡವರನ್ನು ಹಿಂಡುತ್ತಿದ್ದರು. ಜಗಳವಾಯಿತು. ಪರಿಹಾರದ ಕೆಲಸ ಮಾಡುತ್ತಿದ್ದವರನ್ನೇ ಸೆರೆ ಹಿಡಿದರು. ಸಾವಿತ್ರಿಬಾಯಿ ನೇರವಾಗಿ ಕಲೆಕ್ಟರರ ಮುಂದೆ ನಿಂತು ನ್ಯಾಯ ಕೇಳಿದರು. ಆ ಕಲೆಕ್ಟರರು ಸಜ್ಜನರು. ಸೆರೆ ಸಿಕ್ಕವರನ್ನು ಬಿಡಿಸಿದ್ದಲ್ಲದೆ ಹಸಿದವರಿಗಾಗಿ ನಾಲ್ಕು ಬಂಡಿ ಜೋಳವನ್ನೂ ಕಳುಹಿಸಿಕೊಟ್ಟರು. ಪುಣೆಯ ಹತ್ತಿರದ ಧನಕವಾಡಿಯಲ್ಲಿ ಬರದಿಂದ ದಿಕ್ಕೆಟ್ಟ ಮಕ್ಕಳಿಗಾಗಿ ಅನ್ನದ ಆಶ್ರಮ ನಡೆಯಿತು.

ಈ ನಾಲ್ಕು ಬಂಡಿ ಜೋಳದ ಕಥೆ ನಮಗೆ ಬಹಳ ಮುಖ್ಯವೆನಿಸುತ್ತದೆ. ಜೋಳ ಸರಕಾರದ ಕೈಯಲ್ಲಿತ್ತು. ಆದರೆ ಯಾವ ಕೇರಿಯಲ್ಲಿ ಯಾವ ಮನೆಯ ಒಲೆ ಉರಿದಿಲ್ಲವೆಂಬುದು ಸಾವಿತ್ರಿಬಾಯಿಗೆ ಗೊತ್ತಿತ್ತು. ಇಬ್ಬರೂ ಒಂದೆಡೆ ಕೂಡಿದಾಗ ಜೋಳ ಹಸಿದವನ ಬಾಯಿಗೆ ಮುಟ್ಟಿತು. ಒಬ್ಬರಿಂದಲೇ ಅದು ಆಗುತ್ತಿರಲಿಲ್ಲ.

ಅದೇ ಕಾಲದಲ್ಲಿ, 1876ರಿಂದ 1882ರವರೆಗೆ, ಜೋತಿರಾವ ಫುಲೆಯವರು ಪುಣೆಯ ಪುರಸಭೆಯ ಸದಸ್ಯರಾಗಿದ್ದರು. ಪುರಸಭೆಯ ಹಣ ಯಾರಿಗಾಗಿ ಎಂಬ ಪ್ರಶ್ನೆ ಅಲ್ಲಿಯೂ ಬಂತು. ವೈಸರಾಯ ಲಾರ್ಡ್ ಲಿಟ್ಟನ್ ಪುಣೆಗೆ ಬರುವರೆಂದು ಊರನ್ನು ಸಿಂಗರಿಸಲು ಸಾವಿರ ರೂಪಾಯಿ ಖರ್ಚು ಮಾಡುವ ಠರಾವು ಬಂದಾಗ ಅದನ್ನು ವಿರೋಧಿಸಿ ನಿಂತವರು ಫುಲೆಯವರೊಬ್ಬರೇ. ಅಷ್ಟು ಹಣವನ್ನು ಬಡವರ ವಿದ್ಯೆಗೆ ಖರ್ಚು ಮಾಡಬೇಕೆಂಬುದು ಅವರ ವಾದ. ಠರಾವು ಪಾಸಾಯಿತು, ಫುಲೆಯವರು ಸೋತರು. ಆದರೆ ಆ ಪ್ರಶ್ನೆ ಸೋಲಲಿಲ್ಲ. ಇಂದಿಗೂ ಪ್ರತಿಯೊಂದು ಪುರಸಭೆ, ಪ್ರತಿಯೊಂದು ಗ್ರಾಮಪಂಚಾಯತಿಯ ಮುಂದೆ ಅದು ನಿಂತೇ ಇದೆ.

1890ರ ನವೆಂಬರ 28ರಂದು ಜೋತಿರಾಯರು ತೀರಿಕೊಂಡರು. ಅಂತ್ಯಯಾತ್ರೆಯಲ್ಲಿ ಮಡಕೆ ಹಿಡಿದು ಮುಂದೆ ನಡೆದು ಸಾವಿತ್ರಿಬಾಯಿಯವರೇ ಪತಿಯ ಚಿತೆಗೆ ಕೊಳ್ಳಿಯಿಟ್ಟರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ವಿಶ್ರಾಂತಿ ಪಡೆಯುವ ವಯಸ್ಸು. ಅವರು ಸತ್ಯಶೋಧಕ ಸಮಾಜದ ಭಾರವನ್ನು ಹೆಗಲಿಗೆ ತೆಗೆದುಕೊಂಡರು. 1893ರಲ್ಲಿ ಸಾಸವಡದಲ್ಲಿ ಕೂಡಿದ ಸಮಾಜದ ಪರಿಷತ್ತಿಗೆ ಅಧ್ಯಕ್ಷರಾದರು.

ವಿದ್ಯಾರ್ಥಿ ಮಿತ್ರರೇ, ಈಗ ನಮ್ಮ ನಾಟಕದಲ್ಲಿ ಬರದ ದೃಶ್ಯಕ್ಕೆ ಬಂದೆವು.

1894ರಲ್ಲಿ ಹಾಂಗ್‌ಕಾಂಗ್ ಬಂದರದಲ್ಲಿ ಪ್ಲೇಗು ಎದ್ದಿತು. ಹಡಗುಗಳ ದಾರಿ ಹಿಡಿದು ದೇಶದಿಂದ ದೇಶಕ್ಕೆ ಹರಡಿತು. 1896ರ ಸೆಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಅದನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಅದು ಪುಣೆಯನ್ನೂ ಮುಟ್ಟಿತು. ಜ್ವರ, ಕಂಕುಳಲ್ಲಿ ತೊಡೆಯ ಸಂದಿನಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಪ್ಲೇಗಿನ ರೋಗಾಣುವನ್ನು 1894ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಇಲಿಯ ಮೈಮೇಲಿನ ಚಿಗಟ ಅದನ್ನು ಮನುಷ್ಯನಿಗೆ ತರುತ್ತದೆಂಬುದು ತಿಳಿದದ್ದು 1898ರಲ್ಲಿ, ಪಾಲ್ ಲೂಯಿ ಸೀಮೋನ್ ಎಂಬ ಫ್ರೆಂಚ್ ವೈದ್ಯರಿಂದ. ಅಂದರೆ 1897ರ ಪುಣೆಯಲ್ಲಿ ಅಧಿಕಾರಿಗಳಿಗೂ ವೈದ್ಯರಿಗೂ ಜನರಿಗೂ ಶತ್ರು ಯಾವ ದಾರಿಯಿಂದ ಬರುತ್ತಾನೆಂಬುದೇ ತಿಳಿದಿರಲಿಲ್ಲ. ಆ ಜ್ವರವನ್ನು ಇಳಿಸುವ ಔಷಧವೂ ಇರಲಿಲ್ಲ.

1897ರ ಫೆಬ್ರುವರಿ 4ರಂದು ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಅದೇ ತಿಂಗಳಲ್ಲಿ ಪುಣೆಯ ಪ್ಲೇಗು ಸಮಿತಿಗೆ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿಯನ್ನು ಅಧ್ಯಕ್ಷನನ್ನಾಗಿ ನೇಮಿಸಿದರು. ಅಷ್ಟರಲ್ಲಿ ಊರು ಖಾಲಿಯಾಗತೊಡಗಿತ್ತು. ಹೋಗಲು ಬೇರೆ ಊರಿದ್ದವರು, ಬಂಡಿ ಮಾಡಿಕೊಳ್ಳಲು ಹಣವಿದ್ದವರು ಹೊರಟು ಹೋದರು. ದಿನಗೂಲಿಯವರು, ಮುದುಕರು, ಅನಾಥರು, ಕೇರಿಯ ಜನ ಅಲ್ಲಿಯೇ ಉಳಿದರು. ಯಾವ ಸಾಂಕ್ರಾಮಿಕ ರೋಗದಲ್ಲಾದರೂ ಇದೇ ಕಥೆ. ರೋಗ ಎಲ್ಲರಿಗೂ ಬರಬಹುದು, ಆದರೆ ಅದರಿಂದ ದೂರ ಓಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಸಾವಿತ್ರಿಬಾಯಿಗೆ ಆಗ ಅರವತ್ತಾರು ವರ್ಷ. ಮಗ ಯಶವಂತರು ಸೈನ್ಯದಲ್ಲಿ ವೈದ್ಯರಾಗಿದ್ದರು. ತಾಯಿ ಮಗನನ್ನು ಕರೆಸಿಕೊಂಡರು. ಊರ ಹೊರಗೆ, ಹಡಪಸರದ ಹತ್ತಿರ ಸಾಸಣೆಯವರ ತೋಟದಲ್ಲಿ ರೋಗಿಗಳಿಗಾಗಿ ಒಂದು ದವಾಖಾನೆಯನ್ನು ತೆರೆಯಿಸಿದರು. ಬಯಲು, ಗಾಳಿ, ಬೆಳಕು ಇದ್ದ ಜಾಗ. ಊರಿನ ಇಕ್ಕಟ್ಟಿನಿಂದ ದೂರ. ಯಶವಂತರು ಚಿಕಿತ್ಸೆ ನೋಡುತ್ತಿದ್ದರು. ಸಾವಿತ್ರಿಬಾಯಿ ರೋಗಿಗಳನ್ನು ಕರೆತರುತ್ತಿದ್ದರು, ಶುಶ್ರೂಷೆ ಮಾಡುತ್ತಿದ್ದರು.

ಕರೆತರುತ್ತಿದ್ದರು ಎಂಬ ಮಾತನ್ನು ಸ್ವಲ್ಪ ನಿಧಾನಿಸಿ ಓದಬೇಕು. ದವಾಖಾನೆ ತೆರೆದ ಮಾತ್ರಕ್ಕೆ ರೋಗಿ ಬರುವುದಿಲ್ಲ. ಪ್ಲೇಗು ಬಂದವನನ್ನು ಮುಟ್ಟಲು ಒಡಹುಟ್ಟಿದವರೂ ಅಂಜುತ್ತಿದ್ದ ಕಾಲವದು. ಅದರ ಮೇಲೆ ಜಾತಿಯ ಮುಟ್ಟುಮೈಲಿಗೆ ಬೇರೆ. ಹಡಪಸರದ ನೆರೆಯ ಮುಂಢವಾ ಊರಿನ ಹೊರಗೆ ಮಹಾರರ ಕೇರಿಯಿತ್ತು. ಅಲ್ಲಿಯ ಗಾಯಕವಾಡ ಮನೆತನದ ಒಬ್ಬ ಬಾಲಕನಿಗೆ ಪ್ಲೇಗು ಬಂದಿದೆಯೆಂಬ ಸುದ್ದಿ ಸಾವಿತ್ರಿಬಾಯಿಗೆ ತಿಳಿಯಿತು. ಅವರು ಕೇರಿಗೆ ಹೋದರು. ಬಾಲಕನನ್ನು ತಮ್ಮ ಬೆನ್ನ ಮೇಲೆ ಹೊತ್ತುಕೊಂಡು ದವಾಖಾನೆಗೆ ನಡೆದು ಬಂದರು.

ಅರವತ್ತಾರು ವರ್ಷದ ಮುದುಕಿ. ಬೆನ್ನ ಮೇಲೆ ಕಾದ ಹೆಂಚಿನಂತೆ ಸುಡುವ ಕೂಸು. ಒಮ್ಮೆ ಇದೇ ಬೆನ್ನಿಗೆ ಜನ ಸೆಗಣಿ ಎಸೆದಿದ್ದರು. ನಮ್ಮ ವೇದಿಕೆಯ ಮೇಲೆ ಬರಬೇಕಾದ ದೃಶ್ಯ ಇದು.

ಆ ಸೇವೆಯಲ್ಲಿಯೇ ಸಾವಿತ್ರಿಬಾಯಿಗೂ ಪ್ಲೇಗು ತಗಲಿತು. 1897ರ ಮಾರ್ಚ 10ರಂದು ರಾತ್ರಿ ಅವರು ಕಣ್ಣು ಮುಚ್ಚಿದರು.

ಅವರು ಹೋದ ಮೂರು ದಿನಕ್ಕೆ, ಮಾರ್ಚ 13ರಂದು, ಪುಣೆಯ ಓಣಿಗಳಲ್ಲಿ ರ‍್ಯಾಂಡ್ ಸಮಿತಿಯ ಮನೆಶೋಧ ಆರಂಭವಾಯಿತು. ಅಧಿಕಾರಿಗಳು, ಸಿಪಾಯಿಗಳು ಸೇರಿ ಸುಮಾರು 900 ಜನ. ಅವರಲ್ಲಿ ಹೆಚ್ಚಿನವರು ಗೋರಾ ಸಿಪಾಯಿಗಳು. ರೋಗಿಗಳನ್ನು ಹುಡುಕುವುದು, ಆಸ್ಪತ್ರೆಗೆ ಒಯ್ಯುವುದು, ಮನೆಯವರನ್ನು ಬೇರೆ ಶಿಬಿರದಲ್ಲಿಡುವುದು, ಮನೆಯನ್ನು ಶುದ್ಧಿ ಮಾಡುವುದು ಅವರ ಕೆಲಸ. ನ್ಯಾಯವಾಗಿ ನೋಡಿದರೆ ಈ ಉದ್ದೇಶ ಕೆಟ್ಟದ್ದಲ್ಲ. ರೋಗಿಯನ್ನು ಬೇರೆ ಇಡಬೇಕೆಂಬುದನ್ನು ಸಾವಿತ್ರಿಬಾಯಿಯವರೂ ಒಪ್ಪಿದ್ದರು. ಆದುದರಿಂದಲೇ ಅವರು ದವಾಖಾನೆಯನ್ನು ಊರ ಹೊರಗೆ ಮಾಡಿದ್ದರು.

ವ್ಯತ್ಯಾಸವಿದ್ದದ್ದು ರೀತಿಯಲ್ಲಿ. ಭಾಷೆ ತಿಳಿಯದ ಸಿಪಾಯಿಗಳು ಮನೆಯೊಳಗೆ ನುಗ್ಗಿದರು. ದೇವರ ಕೋಣೆ, ಅಡಿಗೆಮನೆಗಳನ್ನು ಲೆಕ್ಕಿಸಲಿಲ್ಲ. ಪರಪುರುಷರು ಹೆಂಗಸರ ಮೈಯನ್ನು ಪರೀಕ್ಷಿಸಿದರೆಂದು ಜನ ಕುದಿದರು. ಮನೆಯ ಸಾಮಾನುಗಳು ಸುಟ್ಟು ಹೋದವು. ಇದರ ಫಲವೇನಾಯಿತು? ಜನ ಪ್ಲೇಗಿಗಿಂತ ಹೆಚ್ಚಾಗಿ ಪ್ಲೇಗು ಸಮಿತಿಗೆ ಅಂಜಿದರು. ರೋಗಿಗಳನ್ನು ಬಚ್ಚಿಟ್ಟರು. ರೋಗಿ ಬಚ್ಚಿಟ್ಟುಕೊಂಡ ಊರಿನಲ್ಲಿ ರೋಗವೂ ಬಚ್ಚಿಟ್ಟುಕೊಂಡಿರುತ್ತದೆ. ಜನರ ಸಿಟ್ಟು ಕೊನೆಗೆ ರಕ್ತಕ್ಕೆ ಮುಟ್ಟಿತು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡ್ ಮತ್ತು ಆಯರ್ಸ್ಟ್ ಎಂಬ ಇಬ್ಬರು ಅಧಿಕಾರಿಗಳಿಗೆ ಗುಂಡು ಹಾರಿಸಿದರು. ಇಬ್ಬರೂ ಸತ್ತರು. ಚಾಪೇಕರರು ಗಲ್ಲಿಗೇರಿದರು.

ಒಂದೇ ಊರು, ಒಂದೇ ತಿಂಗಳು, ಒಂದೇ ರೋಗ. ಒಂದು ಕಡೆ 900 ಜನರ ದಂಡು ಬಾಗಿಲು ತಟ್ಟಿದರೆ ಒಳಗಿನವರು ರೋಗಿಯನ್ನು ಮರೆಮಾಡಿದರು. ಇನ್ನೊಂದು ಕಡೆ ಒಬ್ಬ ಮುದುಕಿ ಹೋದರೆ ಕೇರಿಯವರು ತಮ್ಮ ಕೂಸನ್ನೇ ಆಕೆಯ ಬೆನ್ನಿಗೆ ಕೊಟ್ಟರು. ಏಕೆ? ಸಾವಿತ್ರಿಬಾಯಿ ಆ ಕೇರಿಗಳಿಗೆ ಪ್ಲೇಗು ಬಂದಾಗ ಮೊದಲ ಸಲ ಹೋದವರಲ್ಲ. ಇಂಥ ಕೇರಿಗಳ ಮಕ್ಕಳಿಗೆ ಅಕ್ಷರ ಕಲಿಸಿ, ನೀರು ಕೊಟ್ಟು, ಬರದಲ್ಲಿ ಅನ್ನವಿಕ್ಕಿ ಐವತ್ತು ವರ್ಷ ಕಳೆದಿದ್ದರು. ನಂಬಿಕೆಯೆಂಬುದು ರೋಗ ಬಂದ ದಿನ ಹುಟ್ಟುವುದಿಲ್ಲ. ಮಳೆಗಾಲಕ್ಕೆ ಮೊದಲೇ ಕೆರೆಯ ಹೂಳು ತೆಗೆಯಬೇಕಾದಂತೆ ಅದನ್ನು ಮೊದಲೇ ಗಳಿಸಿಡಬೇಕು.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಸಾವಿತ್ರಿಬಾಯಿಯಂಥವರು ಸತ್ತು ಊರನ್ನು ಉಳಿಸಬೇಕೆಂದು ಬಯಸುವುದು ನ್ಯಾಯವಲ್ಲ. ಅವರ ಬೆನ್ನ ಮೇಲಿನ ಭಾರವನ್ನು ಹೊರಬೇಕಾಗಿದ್ದುದು ಪುರಸಭೆ. ರೋಗಿಗೆ ಡೋಲಿ, ದವಾಖಾನೆಗೆ ಆಳುಗಳು, ಕೂಲಿ ನಿಂತ ಮನೆಗೆ ಕಾಳು, ಕೇರಿಗೆ ಚೊಕ್ಕ ನೀರು, ಇವೆಲ್ಲ ಆಡಳಿತದ ಕೈಯಿಂದ ಆಗಬೇಕಾದ ಕೆಲಸಗಳು. ಓತೂರಿನ ನಾಲ್ಕು ಬಂಡಿ ಜೋಳದಂತೆ ಆಡಳಿತದ ಶಕ್ತಿ ಮತ್ತು ಸಾವಿತ್ರಿಬಾಯಿಯ ಅಂತಃಕರಣ ಪುಣೆಯಲ್ಲಿಯೂ ಒಂದೆಡೆ ಕೂಡಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವೇನೋ.

ಹಾಗೆ ಕೂಡಲು ಸಾಧ್ಯವೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಒಂದು ಉದಾಹರಣೆ ಸಿಕ್ಕಿತು. 2020ರಲ್ಲಿ ಕೊರೋನಾ ಬಂದಾಗ 1897ರ ಅದೇ ಕಾಯಿದೆಯನ್ನು ಸರಕಾರಗಳು ಮತ್ತೆ ಹೊರತೆಗೆದವು. ಏಪ್ರಿಲ್ 1ರಂದು ಮುಂಬಯಿಯ ಧಾರಾವಿಯಲ್ಲಿ ಮೊದಲನೆಯ ರೋಗಿ ಕಂಡುಬಂದ. ಸಣ್ಣ ಸಣ್ಣ ಖೋಲಿಗಳಲ್ಲಿ ಲಕ್ಷಾಂತರ ಜನ ಒತ್ತೊತ್ತಾಗಿ ಬದುಕುವ, ಬಹು ಮಂದಿಗೆ ಸಾರ್ವಜನಿಕ ಶೌಚಾಲಯವೇ ಗತಿಯಾಗಿರುವ ಜಾಗ. ಒಬ್ಬರಿಂದೊಬ್ಬರು ದೂರವಿರಿ ಎಂದು ಅಲ್ಲಿ ಹೇಳುವುದು ಸುಲಭ, ಇರುವುದು ಅಸಾಧ್ಯ. ಮುಂಬಯಿ ಮಹಾನಗರಪಾಲಿಕೆ ಅಲ್ಲಿ ಮನೆಮನೆಗೆ ಆರೋಗ್ಯ ಕಾರ್ಯಕರ್ತರನ್ನು ಕಳುಹಿಸಿತು. ಜನ ಮೊದಲಿನಿಂದ ನಂಬಿದ್ದ ಓಣಿಯ ಖಾಸಗಿ ವೈದ್ಯರನ್ನು ಜೊತೆಗೆ ಕರೆದುಕೊಂಡಿತು. ಜ್ವರದ ದವಾಖಾನೆಗಳನ್ನು ಬಸ್ತಿಯೊಳಗೇ ತೆರೆಯಿತು. ಶಾಲೆ, ಮಂಗಲ ಕಾರ್ಯಾಲಯಗಳನ್ನು ಪ್ರತ್ಯೇಕವಾಸಕ್ಕೆ ಅಣಿಗೊಳಿಸಿ ಅಲ್ಲಿ ಊಟದ ಏರ್ಪಾಡು ಮಾಡಿತು. ಶೌಚಾಲಯಗಳನ್ನು ದಿನಕ್ಕೆ ಹಲವು ಸಲ ತೊಳೆಯಿಸಿತು. ಕೆಲವೇ ತಿಂಗಳಲ್ಲಿ ಅಲ್ಲಿ ರೋಗ ಹತೋಟಿಗೆ ಬಂದುದನ್ನು ಜಗತ್ತೇ ಮೆಚ್ಚಿತು. ಅಲ್ಲಿಯೂ ಸಾವುಗಳಾದವು, ಕಷ್ಟಗಳಾದವು, ಎಷ್ಟೋ ಕೂಲಿಕಾರರು ಊರು ಬಿಟ್ಟು ಹೋಗಬೇಕಾಯಿತು. ಆದರೂ ಊಟ ಕೊಟ್ಟು, ಮಾತಾಡಿಸಿ ಕರೆದರೆ ಜನ ತಾವೇ ಮುಂದೆ ಬರುತ್ತಾರೆಂಬುದು ಅಲ್ಲಿ ಸಿದ್ಧವಾಯಿತು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮಲ್ಲಿ ಹಲವರು ಗ್ರಾಮಪಂಚಾಯತಿಯ ಸದಸ್ಯರಿದ್ದೀರಿ, ಹಲವರು ಆರಿಸಿ ಕಳುಹಿಸುವವರಿದ್ದೀರಿ. ಊರಿನಲ್ಲಿ ಒಂಟಿಯಾಗಿರುವ ಮುದುಕರೆಷ್ಟು, ನಡೆಯಲಾರದವರೆಷ್ಟು, ಗರ್ಭಿಣಿಯರೆಷ್ಟು, ಕಬ್ಬು ಕಡಿಯಲು ಬಂದು ಗುಡಿಸಲಲ್ಲಿರುವ ಕುಟುಂಬಗಳೆಷ್ಟು ಎಂಬ ಯಾದಿ ಪಂಚಾಯತಿಯಲ್ಲಿ ಇದೆಯೇ ಎಂದು ಕೇಳಿರಿ. ಆ ಯಾದಿ ರೋಗ ಬಂದ ಮೇಲೆ ಬರೆಯುವಂಥದಲ್ಲ. ಇನ್ನೊಂದು ಮಾತನ್ನೂ ಕೇಳಿರಿ: ಗಡಿಭಾಗದ ನಮ್ಮ ಮನೆಗಳಲ್ಲಿ ಅಜ್ಜಿಯರಿಗೆ ಕನ್ನಡವೊಂದೇ ತಿಳಿಯುತ್ತದೆ. ರೋಗದ ಸೂಚನೆಗಳು ಅವರಿಗೆ ತಿಳಿಯುವ ಮಾತಿನಲ್ಲಿ ಬರುತ್ತವೆಯೇ? ಅರ್ಥವಾಗದ ಭಾಷೆಯಲ್ಲಿ ಬಾಗಿಲು ತಟ್ಟಿದರೆ ಏನಾಗುತ್ತದೆಂಬುದನ್ನು ಪುಣೆ ಒಮ್ಮೆ ನೋಡಿದೆ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ಓಣಿಯಲ್ಲಿ ಯಾರ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲವೋ ನೋಡಿರಿ. ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಒಂದು ಮಾತು ಆಡಿಸಿರಿ. ಒಂದು ಕೊಡ ನೀರು ತಂದುಕೊಡಿರಿ, ಬಂದ ಕಾಗದವನ್ನು ಓದಿ ಹೇಳಿರಿ. ನಾಳೆ ಕಷ್ಟ ಬಂದ ದಿನ ಆ ಬಾಗಿಲು ನಿಮಗಾಗಿ ತೆರೆಯುತ್ತದೆ.

ಮುಂದಿನ ಜನವರಿ 3ರಂದು ನಾಟಕವನ್ನು ಸೆಗಣಿಯ ದೃಶ್ಯಕ್ಕೆ ನಿಲ್ಲಿಸಬಾರದೆಂದು ನಾವು ನಿಶ್ಚಯಿಸಿದ್ದೇವೆ. ಪರದೆ ಬೀಳುವ ಮುನ್ನ ಸಾವಿತ್ರಿಬಾಯಿ ಮುಂಢವಾ ಕೇರಿಗೆ ಹೋಗಬೇಕು, ಬಾಲಕನನ್ನು ಬೆನ್ನ ಮೇಲೆ ಹೊತ್ತು ವೇದಿಕೆಯನ್ನು ದಾಟಬೇಕು. ಆ ಪಾತ್ರ ಮಾಡುವ ಹುಡುಗಿಗೆ ನಿಜವಾಗಿಯೂ ಒಬ್ಬ ತಮ್ಮನನ್ನು ಹೊರಲು ಕೊಡುತ್ತೇವೆ. ಭಾರ ಎಷ್ಟೆಂಬುದು ಹೊತ್ತವರಿಗೆ ತಿಳಿಯಲಿ, ನೋಡುವವರಿಗೂ ತಿಳಿಯಲಿ.